ಬಿಸಿಲಿಗೆ ಸೋಲದ ದಾರ

ಕಾವೇರಿಯಲ್ಲಿ ಮಹಶೀರ್ ಮೀನಿಗೆಂದು ರಾಗಿ ಉಂಡೆ ಕಟ್ಟಿ ಗಾಳ ಬೀಸಿದವರಿಗೆ ಗೊತ್ತಿರುತ್ತದೆ: ಮುಂದೆ ಹಾರುವುದು ಉಂಡೆಯ ಭಾರ, ದಾರ ಅದರ ಹಿಂದೆ ಎಳೆಸಿಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಈ ಲೆಕ್ಕ ತಲೆಕೆಳಗು. ಫ್ಲೈ ಎನ್ನುವುದು ಕೊಕ್ಕೆಯ ಮೇಲೆ ಪುಕ್ಕ, ತುಪ್ಪಳ, ನೂಲು ಸುತ್ತಿ ಕಟ್ಟಿದ ಸೀಗಡಿಯ ಅಥವಾ ಏಡಿಯ ವೇಷ. ಅದನ್ನು ಬರಿಗೈಯಲ್ಲಿ ಎಸೆದರೆ ನಾಲ್ಕು ಮಾರು ದೂರವೂ ಹೋಗದು. ಹಾಗಾಗಿ ಭಾರವನ್ನು ದಾರದಲ್ಲೇ ಇಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದನ್ನು ಬಗ್ಗಿಸುವುದು ಗಾಳಿಯಲ್ಲಿ ಚಾಚಿಕೊಂಡ ದಾರದ ತೂಕ. ಫ್ಲೈ ಅದರ ತುದಿಗೆ ಜೋತುಬಿದ್ದು ಹೋಗುತ್ತದೆ, ಅಷ್ಟೆ.

ಇಷ್ಟಾದರೂ ಜನ ದುಡ್ಡು ಸುರಿಯುವುದು ಕೋಲಿಗೆ ಮತ್ತು ರೀಲಿಗೆ. ದಾರದ ಸರದಿ ಬಂದಾಗ ಕಿಸೆ ಬರಿದಾಗಿರುತ್ತದೆ, ಅಂಗಡಿಯವರು ಸುತ್ತಿಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾರೆ. ಸಿಹಿನೀರಿನ ತೊರೆಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಉಷ್ಣವಲಯದ ಕಡಲಂಚಿನಲ್ಲಿ ನಡೆಯುವುದಿಲ್ಲ.

ಫ್ಲ್ಯಾಟ್ಸ್ ಎಂದು ಕರೆಯುವುದು ಕಡಲಂಚಿನ ಆಳವಿಲ್ಲದ ಬಯಲನ್ನು. ಅಮೆರಿಕದ ಫ್ಲೋರಿಡಾ ಕೀಸ್, ಬಹಾಮಾಸ್‌ನ ಆಂಡ್ರೋಸ್ ದ್ವೀಪ, ಬೆಲೀಜ್, ಪೆಸಿಫಿಕ್ ನಡುವಿನ ಕ್ರಿಸ್‌ಮಸ್ ದ್ವೀಪ, ನಮಗೆ ಹತ್ತಿರದಲ್ಲಿ ಸೇಶೆಲ್ಸ್ – ಇವೆಲ್ಲ ಈ ಬೇಟೆಗೆ ಹೆಸರಾದ ಜಾಗಗಳು. ಉಬ್ಬರದಲ್ಲಿ ಮೊಣಕಾಲುದ್ದ ನೀರು, ಇಳಿತದಲ್ಲಿ ಬರೀ ಮರಳು ಮತ್ತು ಕಡಲಹುಲ್ಲು. ನೀರು ಏರುತ್ತಿದ್ದಂತೆ ಬೋನ್‌ಫಿಶ್ ಸೀಗಡಿ, ಏಡಿ ಹುಡುಕುತ್ತ ಬಯಲಿಗೆ ನುಗ್ಗುತ್ತದೆ. ಮೀನನ್ನು ಮೊದಲು ಕಣ್ಣಿನಿಂದ ಹಿಡಿಯಬೇಕು, ಆಮೇಲೆ ಕೊಕ್ಕೆಯಿಂದ. ದೋಣಿಯ ಹಿಂಬದಿಯ ಅಟ್ಟದ ಮೇಲೆ ನಿಂತು ಉದ್ದ ಗಳ ಊರುತ್ತ ದೋಣಿ ನೂಕುವ ಗೈಡ್, “ಹನ್ನೊಂದು ಗಂಟೆ, ಐವತ್ತು ಅಡಿ, ಇತ್ತಲೇ ಬರ್ತಿದೆ” ಎನ್ನುತ್ತಾನೆ. ದೋಣಿಯ ಮೂತಿ ಹನ್ನೆರಡು ಗಂಟೆ. ಹನ್ನೊಂದು ಎಂದರೆ ಅದರಿಂದ ಸ್ವಲ್ಪ ಎಡಕ್ಕೆ. ನೀವು ತಿರುಗಿ ನೋಡಿ, ಬೂದು ನೆರಳನ್ನು ಗುರುತಿಸುವಷ್ಟರಲ್ಲಿ ಐವತ್ತು ಅಡಿ ನಲವತ್ತಾಗಿರುತ್ತದೆ. ಎದುರು ಗಾಳಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ ಬೀಸಲು ಸಮಯ.

ದಾರದ ಆಯ್ಕೆ ಈ ಕೆಲವು ಕ್ಷಣಗಳಿಗಾಗಿ. ದೋಣಿಯ ಮುಂಬದಿಯ ಅಟ್ಟದ ಮೇಲೆ, ನಿಮ್ಮ ಕಾಲ ಬಳಿ, ಬಿಸಿಲಲ್ಲಿ ಬಿದ್ದಿರುವ ದಾರ ಸಿಕ್ಕಾಗದೆ ಮೇಲೇಳಬೇಕು, ಕಡಿಮೆ ಉದ್ದದಲ್ಲೇ ಕೋಲನ್ನು ಬಗ್ಗಿಸಬೇಕು, ಗಾಳಿ ಸೀಳಿಕೊಂಡು ಹೋಗಬೇಕು, ನೀರಿಗೆ ಬೀಳುವಾಗ ಸದ್ದು ಮಾಡಬಾರದು. ಕೊನೆಯ ಎರಡು ಒಂದಕ್ಕೊಂದು ಜಗಳವಾಡುತ್ತವೆ. ಅದಕ್ಕೆ ಆಮೇಲೆ ಬರೋಣ. ಮೊದಲು ಬಿಸಿಲು.

ಫ್ಲೈ ಲೈನಿನ ಒಳಗೊಂದು ತಿರುಳು, ಮೇಲೊಂದು ಪ್ಲಾಸ್ಟಿಕ್ ಲೇಪನ. ತಿರುಳು ಸಾಮಾನ್ಯವಾಗಿ ನೈಲಾನ್. ಲೇಪನ ಬಹುಪಾಲು ಕಂಪನಿಗಳಲ್ಲಿ ಪಿವಿಸಿ, ವೇಲ್ಸ್‌ನ ಏರ್‌ಫ್ಲೋ ಮಾತ್ರ ಪಾಲಿಯುರೆಥೇನ್ ಬಳಸುತ್ತ ಬಂದಿದೆ. ತೇಲುವ ದಾರದ ಲೇಪನದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಜಿನ ಟೊಳ್ಳು ಗುಳ್ಳೆಗಳನ್ನು ಬೆರೆಸಿರುತ್ತಾರೆ, ತೇಲಿಸುವುದು ಅವೇ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಹಾಗಾಗಿ ಕಡಲಿನ ದಾರವನ್ನು ಕೊಂಚ ತೆಳ್ಳಗೆ ಮಾಡಿದರೂ ಅದು ತೇಲುತ್ತದೆ, ತೆಳ್ಳಗಿದ್ದಷ್ಟೂ ಗಾಳಿಯ ತಡೆ ಕಡಿಮೆ.

ಬರಿಯ ಪಿವಿಸಿ ಗಡುಸು. ಅದನ್ನು ಮೆದುಗೊಳಿಸಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಸೇರಿಸುತ್ತಾರೆ. ಎಷ್ಟು ಸೇರಿಸಬೇಕೆನ್ನುವುದು ದಾರ ಯಾವ ನೀರಿಗೆ ಹೋಗಲಿದೆ ಎನ್ನುವುದರ ಮೇಲಿದೆ. ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಇದನ್ನು ಚೆನ್ನಾಗಿ ಹೇಳುತ್ತದೆ: ಮಂಗಳೂರಿನ ಮೇ ತಿಂಗಳಲ್ಲಿ ನೀರಾಗಿ ಸುರಿಯುವ ಎಣ್ಣೆಯೇ ಬೆಂಗಳೂರಿನ ಡಿಸೆಂಬರಿನಲ್ಲಿ ಕಡ್ಡಿ ಹಾಕಿ ಕೆದಕುವಷ್ಟು ಗಟ್ಟಿ. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಷ್ಣವಲಯಕ್ಕೆಂದು ಮಾಡಿದ ದಾರಗಳು ಕೆಲಸಕ್ಕೆ ಬರುವುದೂ ಹೆಚ್ಚುಕಡಿಮೆ ಅಲ್ಲಿಂದ ಮೇಲೆಯೇ. ಟ್ರೌಟ್ ಮೀನಿನ ತಣ್ಣನೆ ತೊರೆಗೆ ಮಾಡಿದ ಮೆತ್ತನೆ ದಾರವನ್ನು 30 ಡಿಗ್ರಿ ನೀರಿಗೆ ತಂದರೆ ಅದು ಸೋತು ಜೋಲುತ್ತದೆ. ಕೋಲಿನ ಉಂಗುರಗಳಿಗೆ ಅಂಟಿಕೊಂಡು ತೆವಳುತ್ತದೆ. ಅಟ್ಟದ ಮೇಲೆ ಬಿದ್ದಲ್ಲೇ ಒಂದರೊಳಗೊಂದು ತೂರಿ ಗಂಟಾಗುತ್ತದೆ. ಎಸೆತ ಮುಗಿಯುವ ಹೊತ್ತಿಗೆ ಆ ಗಂಟು ಮೊದಲ ಉಂಗುರಕ್ಕೆ ಬಂದು ಬಡಿಯುತ್ತದೆ, ಮೀನು ಹೊರಟುಹೋಗಿರುತ್ತದೆ.

ತಿರುಗಾಮುರುಗಾ ಮಾಡಿದರೂ ಕಷ್ಟವೇ. ಉಷ್ಣವಲಯದ ದಾರ ತಣ್ಣಗಾದರೆ ರೀಲಿನಿಂದ ಹೊರಬಂದಂತೆಯೇ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ. ಇದು ಹಿಮದ ದೇಶಕ್ಕೆ ಹೋದವರ ಪಾಡು ಮಾತ್ರವಲ್ಲ. ಫ್ಲೋರಿಡಾ ಕೀಸ್‌ನಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಉತ್ತರದ ಶೀತಗಾಳಿ ಬೀಸಿದಾಗ ಆಳವಿಲ್ಲದ ನೀರು ಎರಡೇ ದಿನದಲ್ಲಿ 20 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಬೋನ್‌ಫಿಶ್ ಹೇಗೂ ಆಳದ ನೀರಿಗೆ ಸರಿದಿರುತ್ತದೆ. ಚಳಿಗಾಲದ ಪ್ರವಾಸಕ್ಕೆ ಹೋಗುವವರು ಸ್ವಲ್ಪ ಮೆದುವಾದ ಇನ್ನೊಂದು ದಾರವನ್ನು ಬಿಡಿ ಸ್ಪೂಲಿನಲ್ಲಿ ಸುತ್ತಿಟ್ಟುಕೊಂಡರೆ ಒಳ್ಳೆಯದು. ಬೇಸಿಗೆಗೆ ಹೋಗುವವರಿಗೆ ಆ ಚಿಂತೆ ಬೇಡ. ಬೆಂಗಳೂರಿನಲ್ಲಿ ಕೂತು ಅಂಡಮಾನಿಗೋ ಸೇಶೆಲ್ಸ್‌ಗೋ ತಯಾರಿ ನಡೆಸುವವರು ಒಂದು ಮಾತು ನೆನಪಿಡಬೇಕು: ಡಿಸೆಂಬರ್ ಬೆಳಿಗ್ಗೆ 16 ಡಿಗ್ರಿಯಲ್ಲಿ ಹುಲ್ಲುಹಾಸಿನ ಮೇಲೆ ಅಭ್ಯಾಸ ಮಾಡುವಾಗ ಹೊಸ ದಾರ ಸುರುಳಿ ಬಿಡುತ್ತಿಲ್ಲವೆಂದು ಬೈದು ವಾಪಸ್ ಕಳಿಸಬೇಡಿ. ಅದು ತಾನು ಹುಟ್ಟಿದ ಕೆಲಸಕ್ಕೆ ಸರಿಯಾಗಿಯೇ ಇದೆ.

ಒಳಗಿನ ತಿರುಳೂ ಈ ಗಡುಸುತನದಲ್ಲಿ ಪಾಲುದಾರ. ತಣ್ಣೀರಿನ ದಾರಗಳಿಗೆ ನೂರಾರು ಎಳೆಗಳ ಮೆತ್ತನೆಯ ಹೆಣೆದ ನೈಲಾನ್. ಉಷ್ಣವಲಯದ ದಾರಕ್ಕೆ ಒಂಟಿ ಎಳೆಯ ಮಾನೊಫಿಲಮೆಂಟ್, ಅಥವಾ ಅಂಥ ದಪ್ಪ ಎಳೆಗಳನ್ನೇ ಟೊಳ್ಳಾಗಿ ಹೆಣೆದದ್ದು. ಪೆಟ್ಟಿಗೆಯ ಮೇಲೆ ‘ಟ್ರಾಪಿಕಲ್’ ಎಂದಿರುವುದನ್ನು ನೋಡಿ ಕೊಳ್ಳಿ. ‘ಸಾಲ್ಟ್‌ವಾಟರ್’ ಎಂಬುದೊಂದೇ ಸಾಲದು. ಉತ್ತರ ಅಟ್ಲಾಂಟಿಕ್ ತೀರದ ಸ್ಟ್ರೈಪ್ಡ್ ಬಾಸ್ ಮೀನಿಗೆ ಮಾಡಿದ ದಾರವೂ ಸಾಲ್ಟ್‌ವಾಟರ್ ದಾರವೇ, ಆದರೆ ಅದು ತಣ್ಣೀರಿನದು.

ಪೆಟ್ಟಿಗೆಯ ಮೇಲಿನ ಅಂಕಿ

ಜೋ ಬ್ರೂಕ್ಸ್ ಎಂಬ ಅಮೆರಿಕದ ಬರಹಗಾರ 1947ರಲ್ಲಿ ಫ್ಲೋರಿಡಾದ ಐಲಮೊರಾಡದಲ್ಲಿ ಜಿಮ್ಮಿ ಆಲ್‌ಬ್ರೈಟ್ ಎಂಬ ಗೈಡ್ ಜೊತೆ ಬೋನ್‌ಫಿಶ್ ಹಿಡಿದು, ಆ ಬಗ್ಗೆ ಬರೆದ ಮೇಲೆ ಈ ಬೇಟೆ ಜನಪ್ರಿಯವಾಯಿತು. ಆ ಕಾಲದ ದಾರಗಳಿಗೆ ಅಕ್ಷರಗಳ ಗುರುತಿತ್ತು. ಒಂದೊಂದು ಅಕ್ಷರ ಒಂದೊಂದು ದಪ್ಪವನ್ನು ಹೇಳುತ್ತಿತ್ತು. ರೇಷ್ಮೆಯ ಕಾಲಕ್ಕೆ ಅದು ಸಾಕಿತ್ತು, ದಪ್ಪ ಗೊತ್ತಾದರೆ ತೂಕವೂ ಗೊತ್ತಾಗುತ್ತಿತ್ತು. ನೈಲಾನ್, ಪ್ಲಾಸ್ಟಿಕ್ ಬಂದ ಮೇಲೆ ಒಂದೇ ದಪ್ಪದ ಎರಡು ದಾರಗಳ ತೂಕ ಬೇರೆ ಬೇರೆಯಾಗತೊಡಗಿತು. 1960ರ ಆಸುಪಾಸಿನಲ್ಲಿ ಅಮೆರಿಕದ ತಯಾರಕರ ಸಂಘ ಈಗಿನ ಅಂಕಿ ಪದ್ಧತಿ ತಂದಿತು: ದಾರದ ಮೊದಲ 30 ಅಡಿಯನ್ನು ತೂಗಿ, ಆ ತೂಕಕ್ಕೊಂದು ಅಂಕಿ.

ತೂಕದ ಮಾನ ಗ್ರೇನ್. ಒಂದು ಗ್ರೇನ್ ಸುಮಾರು 0.065 ಗ್ರಾಂ. 8ನೇ ನಂಬರಿಗೆ 210 ಗ್ರೇನ್, ಅಂದರೆ 13.6 ಗ್ರಾಂ. 9ಕ್ಕೆ 240, 10ಕ್ಕೆ 280, 12ಕ್ಕೆ 380. ಕೋಲಿನ ಮೇಲೂ ಇದೇ ಅಂಕಿ ಇರುತ್ತದೆ. ಬೋನ್‌ಫಿಶ್‌ಗೆ ರೂಢಿಯಲ್ಲಿ 8, ಪರ್ಮಿಟ್ ಮೀನಿಗೆ 9 ಅಥವಾ 10, ಟಾರ್ಪನ್‌ಗೆ 11-12, ಹಿಂದೂ ಮಹಾಸಾಗರದ ದೈತ್ಯ ಟ್ರೆವಲಿಗೆ 12.

ಕಾಗದದ ಮೇಲೆ ಇದು ಸಲೀಸು. ಅಂಗಡಿಯಲ್ಲಿ ಹಾಗಿಲ್ಲ. ಇವತ್ತಿನ ಕೋಲುಗಳು ಹಿಂದಿನವಕ್ಕಿಂತ ಬಿರುಸು, 210 ಗ್ರೇನಿಗೆ ಸರಿಯಾಗಿ ಬಗ್ಗುವುದಿಲ್ಲ. ಅದಕ್ಕೆ ತಯಾರಕರು 8 ಎಂದು ಅಚ್ಚುಹಾಕಿ 225ರ ಆಚೀಚೆ ತೂಗುವ ದಾರವನ್ನು ಕೊಡುತ್ತಾರೆ. ಅದು 8 ಮತ್ತು 9ರ ನಟ್ಟನಡುವೆ. ಇನ್ನು ಕೆಲವು ಅದನ್ನೂ ಮೀರುತ್ತವೆ. ಅಂಗಡಿಯವರು “ಬಿರುಸು ಕೋಲಲ್ವಾ, ಒಂದು ನಂಬರ್ ಮೇಲಿನದು ಹಾಕಿ” ಎಂದಾಗ, ಮೊದಲೇ ಅರ್ಧ ನಂಬರ್ ಮೇಲಿರುವ ದಾರದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ. ಕೋಲು ಸೋತು ಬಾಗುತ್ತದೆ, ಮೂವತ್ತು ಅಡಿಯಲ್ಲಿ ಚೆನ್ನಾಗಿದ್ದದ್ದು ಅರವತ್ತಕ್ಕೆ ಕುಸಿಯುತ್ತದೆ. ಹೀಗಾಗಿ ಪೆಟ್ಟಿಗೆಯ ಹಿಂಬದಿ ತಿರುಗಿಸಿ ಗ್ರೇನ್ ಲೆಕ್ಕ ಓದಬೇಕು. ಅಲ್ಲಿ ಎರಡು ಸಂಖ್ಯೆ ಇರಬಹುದು: ಮೊದಲ 30 ಅಡಿಯ ತೂಕ, ಇಡೀ ಹೆಡ್‌ನ (ದಾರದ ಮುಂದಿನ ದಪ್ಪ ಭಾಗದ) ತೂಕ. ಹೋಲಿಸಿ ನೋಡಬೇಕಾದ್ದು ಮೊದಲನೆಯದನ್ನು. ಹೊಸಬರಿಗೆ ನನ್ನ ಸಲಹೆ ಅರ್ಧ ನಂಬರ್ ಮೇಲಿರುವುದು. ಕೈ ಪಳಗಿದವರು ಅಳತೆಗೆ ಸರಿಯಾಗಿರುವುದನ್ನೇ ಹುಡುಕಲಿ.

ಪೆಟ್ಟಿಗೆಯ ಮೇಲಿನ ಡಬ್ಲ್ಯುಎಫ್ ಎಂದರೆ ವೇಟ್ ಫಾರ್ವರ್ಡ್, ಭಾರ ಮುಂದಕ್ಕೆ ಇರುವ ದಾರ. 90ರಿಂದ 100 ಅಡಿ ಉದ್ದದ ದಾರದಲ್ಲಿ ಮುಂದಿನ 35-50 ಅಡಿ ದಪ್ಪ. ಇದೇ ಹೆಡ್. ಅದರ ಹಿಂದೆ ತೆಳ್ಳಗಿನ ರನ್ನಿಂಗ್ ಲೈನ್. ಹೆಡ್ ಹಾರುತ್ತದೆ, ರನ್ನಿಂಗ್ ಲೈನ್ ಉಂಗುರಗಳೊಳಗಿಂದ ಜಾರಿ ಅದನ್ನು ಹಿಂಬಾಲಿಸುತ್ತದೆ. ಅಂಕಿಯ ಮುಂದಿನ ಎಫ್ ತೇಲುವುದಕ್ಕೆ, ಐ ನಿಧಾನ ಮುಳುಗುವ ಇಂಟರ್‌ಮೀಡಿಯೆಟ್‌ಗೆ, ಎಸ್ ಮುಳುಗುವುದಕ್ಕೆ. ಫ್ಲ್ಯಾಟ್ಸ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಕೆಲಸ ತೇಲುವ ದಾರದ್ದೇ. ನೀರಿನಿಂದ ಎತ್ತಿ ಮತ್ತೆ ಎಸೆಯಲು ಅದೇ ಸುಲಭ. ಸ್ವಲ್ಪ ಆಳದಲ್ಲಿ ಈಜುವ ಟಾರ್ಪನ್‌ಗೆ ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರ್ ಇಳಿಯುವ ಪಾರದರ್ಶಕ ಇಂಟರ್‌ಮೀಡಿಯೆಟ್ ಹಾಕುವವರಿದ್ದಾರೆ. ತೇಲಿ ಬರುವ ಹುಲ್ಲಿನ ಕಡ್ಡಿಗಳ ಕೆಳಗೆ ಇಳಿದುಬಿಡುವುದು ಅದರ ಇನ್ನೊಂದು ಅನುಕೂಲ.

ಈಗ ಗಾಳಿ ಸೀಳುವುದಕ್ಕೂ ಸದ್ದಿಲ್ಲದೆ ಬೀಳುವುದಕ್ಕೂ ಇರುವ ಆ ಜಗಳಕ್ಕೆ ಬರೋಣ. ಹೆಡ್‌ನ ತುದಿ ತೆಳ್ಳಗಾಗುತ್ತ ಹೋಗುವ ಭಾಗಕ್ಕೆ ಫ್ರಂಟ್ ಟೇಪರ್ ಎನ್ನುತ್ತಾರೆ. ಬೀಸಿದ ಶಕ್ತಿ ದಪ್ಪ ಭಾಗದಿಂದ ತೆಳು ಭಾಗಕ್ಕೆ ಹರಿದು, ದಾರಕ್ಕೂ ಫ್ಲೈಗೂ ನಡುವೆ ಕಟ್ಟುವ ಲೀಡರ್ ಎಂಬ ತೆಳು ಎಳೆಯ ಮೂಲಕ ಫ್ಲೈ ತಲುಪಬೇಕು. ಟೇಪರ್ ಉದ್ದವಾಗಿದ್ದರೆ ದಾರಿಯಲ್ಲಿ ಶಕ್ತಿ ಕರಗುತ್ತ ಹೋಗಿ ಫ್ಲೈ ಮೆಲ್ಲನೆ ಇಳಿಯುತ್ತದೆ. ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ ಬಾಲ ಮೇಲೆತ್ತಿ ಮೇಯುತ್ತಿರುವ ಬೋನ್‌ಫಿಶ್‌ಗೆ ಇದೇ ಬೇಕು. ಆದರೆ ಎದುರು ಗಾಳಿ ಬಂತೆಂದರೆ ಆ ಸೌಮ್ಯ ತುದಿ ನೆಟ್ಟಗಾಗದೆ ಲೀಡರ್ ಮುದುಡಿ ಬೀಳುತ್ತದೆ. ಸೀಸದ ಕಣ್ಣು ಕಟ್ಟಿದ ಭಾರದ ಏಡಿ ಫ್ಲೈಯನ್ನಂತೂ ಅದು ಹೊರಲಾರದು. ಟೇಪರ್ ಮೊಟಕಾಗಿ, ಭಾರ ಮುಂದೆ ಕೂತಿದ್ದರೆ ಏಡಿಯನ್ನು ಗಾಳಿಯಲ್ಲೂ ಒಯ್ಯುತ್ತದೆ, ಆದರೆ ನೀರಿಗೆ ಪಟ್ಟೆಂದು ಬೀಳುತ್ತದೆ. ಹತ್ತು ಅಡಿ ಸುತ್ತಲಿನ ಬೋನ್‌ಫಿಶ್‌ಗಳೆಲ್ಲ ಕ್ಷಣದಲ್ಲಿ ಮಾಯ.

ಕಂಪನಿಗಳು ‘ಬೋನ್‌ಫಿಶ್’, ‘ಪರ್ಮಿಟ್’, ‘ಟಾರ್ಪನ್’ ಎಂದು ಬೇರೆ ಬೇರೆ ಹೆಸರಿನ ದಾರ ಮಾರುವುದರ ಹಿಂದೆ ವ್ಯಾಪಾರದ ಚಾಣಾಕ್ಷತೆ ಇದೆಯೇ ಎಂದು ಕೇಳಿದರೆ, ಇದೆ. ಆದರೆ ಹೆಸರುಗಳು ಪೊಳ್ಳಲ್ಲ. ಬೋನ್‌ಫಿಶ್ ದಾರದ ತುದಿ ಉದ್ದ, ಪರ್ಮಿಟ್ ದಾರದ ಭಾರ ಮುಂದೆ. ಒಂದೇ ದಾರ ಕೊಳ್ಳಲು ಮನಸ್ಸಿರುವವರು ಹೆಸರನ್ನು ಬಿಟ್ಟು ಪೆಟ್ಟಿಗೆಯ ಮೇಲಿನ ಚಿತ್ರ ನೋಡಲಿ. ಬಹುತೇಕ ತಯಾರಕರು ದಾರದ ಉದ್ದಕ್ಕೂ ದಪ್ಪ ಹೇಗೆ ಏರಿಳಿಯುತ್ತದೆಂದು ಗೆರೆ ಎಳೆದು ತೋರಿಸಿರುತ್ತಾರೆ. ಹೆಡ್ 40 ಅಡಿಯ ಆಸುಪಾಸು, ತುದಿ ತೀರಾ ಮೊಟಕಲ್ಲದ್ದು ಸಿಕ್ಕಿದರೆ ಬೋನ್‌ಫಿಶ್‌ಗೂ ಆದೀತು, ಗಾಳಿಯ ದಿನ ಪರ್ಮಿಟ್‌ಗೂ ಹೇಗೋ ಆದೀತು. ‘ಶೂಟಿಂಗ್’ ದಾರಗಳೆಂದು ಬರುವ, 30 ಅಡಿಗೂ ಮೋಟಾದ ಹೆಡ್‌ನವು ಅಂಗಡಿಯ ಮುಂದಿನ ಹುಲ್ಲುಹಾಸಿನಲ್ಲಿ ಮೈಮರೆಸುವಷ್ಟು ದೂರ ಹಾರುತ್ತವೆ. ನೀರಿನ ಮೇಲೆ ಮೀನು ದಿಕ್ಕು ಬದಲಿಸಿದಾಗ ಕಷ್ಟ ಗೊತ್ತಾಗುತ್ತದೆ: 50 ಅಡಿಯಲ್ಲಿ ಬಿದ್ದ ದಾರವನ್ನು ಒಂದೇ ಸಲಕ್ಕೆ ಎತ್ತಿ ಮತ್ತೆ ಹಾಕಲಾಗದೆ, ಹೆಡ್ ಕೋಲಿನ ತುದಿಗೆ ಬರುವವರೆಗೆ ಎಳೆಯುತ್ತ ಕೂರಬೇಕು.

ಬಣ್ಣದ ಚರ್ಚೆ ಈ ಲೋಕದಲ್ಲಿ ಮುಗಿಯುವುದಿಲ್ಲ. ಮೀನನ್ನು ಹೆದರಿಸುವುದು ಹೆಚ್ಚಾಗಿ ತಲೆಯ ಮೇಲೆ ಹಾದುಹೋಗುವ ದಾರದ ನೆರಳು ಮತ್ತು ಅದರಿಂದ ಉದುರುವ ಹನಿಗಳು. ಅದಕ್ಕೆ ಮದ್ದು ಒಂಬತ್ತರಿಂದ ಹನ್ನೆರಡು ಅಡಿಯ ಲೀಡರ್ ಮತ್ತು ಕಡಿಮೆ ಬೀಸುವುದು. ಮರಳು, ತಿಳಿನೀಲಿ, ತಿಳಿಹಸಿರು ಯಾವುದಾದರೂ ಸರಿ. ನಿಮ್ಮ ಕಣ್ಣಿಗೆ ದಾರ ಎಲ್ಲಿ ಬಿತ್ತೆಂದು ಕಾಣಬೇಕು, ಅಷ್ಟೇ. ಹೆಡ್ ಮುಗಿಯುವಲ್ಲಿ ಬಣ್ಣ ಬದಲಾಗುವ ದಾರ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳಬಹುದು, ಅವಸರದಲ್ಲಿ ಎಷ್ಟು ದಾರ ಹೊರಗಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಉಬ್ಬುತಗ್ಗು ಮೇಲ್ಮೈಯ ದಾರಗಳು ಚೆನ್ನಾಗಿ ಜಾರುತ್ತವೆ ನಿಜ, ಆದರೆ ಉಂಗುರಗಳಲ್ಲಿ ಸುಯ್‌ಗುಡುತ್ತವೆ. ಇಡೀ ದಿನ ಒದ್ದೆಯಾಗಿ ಮೆತ್ತಗಾದ ಬೆರಳಿನ ಮೇಲೆ ಎಳೆದೂ ಎಳೆದೂ ಸಂಜೆಗೆ ಗೀರುಗಳೇಳುತ್ತವೆ.

ತಿರುಳಿನ ಬಲದ ಮಾತು ಬೋನ್‌ಫಿಶ್‌ಗೆ ಬೇಕಿಲ್ಲ. ಸಾಮಾನ್ಯ ದಾರ 30 ಪೌಂಡ್ ತಡೆಯುತ್ತದೆ, ಲೀಡರಿನ ತುದಿ ಅದಕ್ಕಿಂತ ಬಹಳ ಮೊದಲೇ ಹರಿಯುತ್ತದೆ. ಸೇಶೆಲ್ಸ್ ಅಥವಾ ಅಂಡಮಾನಿನ ಹವಳದ ದಂಡೆಯಲ್ಲಿ ದೈತ್ಯ ಟ್ರೆವಲಿಯ ಬೆನ್ನು ಹತ್ತಿದವರ ಲೀಡರ್ 100 ಪೌಂಡಿಗೂ ಮೇಲಿನದು. ಅಲ್ಲಿ 30 ಪೌಂಡಿನ ತಿರುಳು ಹಾಕಿದರೆ ಮೀನಿನ ಜೊತೆ ಇಡೀ ದಾರವೇ ಹೊರಟುಹೋಗುತ್ತದೆ, ಆ ಮೀನು ನೂರಡಿ ಪ್ಲಾಸ್ಟಿಕ್ ಎಳೆದುಕೊಂಡು ಹವಳಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ಅಂಥ ಬೇಟೆಗೆಂದೇ ಗಟ್ಟಿ ತಿರುಳಿನ ದಾರಗಳಿವೆ. ಅವನ್ನು ಬಿಟ್ಟು ಬೇರೆ ಯಾವುದೂ ಬೇಡ.

ರೀಲಿಗೆ ಸುತ್ತುವಾಗ ಕೆಳಗೆ ಬ್ಯಾಕಿಂಗ್ ಎಂಬ ತೆಳು ಹೆಚ್ಚುವರಿ ನೂಲು, ಅದರ ಮೇಲೆ ದಾರ. ಬೋನ್‌ಫಿಶ್‌ನ ಮೊದಲ ಓಟ 100 ಗಜ ದಾಟುವುದು ಅಪರೂಪವಲ್ಲ, ಹಾಗಾಗಿ 20 ಪೌಂಡಿನ ಡೇಕ್ರಾನ್ 150-200 ಗಜ ಇರಲಿ. ಬ್ಯಾಕಿಂಗ್‌ನ ತುದಿಯಲ್ಲಿ ರೀಲ್ ತೂರುವಷ್ಟು ದೊಡ್ಡ ಕುಣಿಕೆ ಕಟ್ಟಿಕೊಂಡರೆ ದಾರ ಬದಲಿಸುವುದು ಎರಡು ನಿಮಿಷದ ಕೆಲಸ.

ದಾರ ಸಾಯುವುದು ಹೇಗೆ

ಮೀನು ದಾರವನ್ನು ಕೊಲ್ಲುವುದು ಅಪರೂಪ. ಕೊಲ್ಲುವುದು ಉಪ್ಪು, ಮರಳು, ಕಾರಿನ ಬಿಸಿ ಡಿಕ್ಕಿ, ಸನ್‌ಸ್ಕ್ರೀನ್, ಸೊಳ್ಳೆಯ ಔಷಧ ಮತ್ತು ಸ್ವಂತ ಕಾಲು. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಅಟ್ಟದ ಮೇಲಿನ ದಾರವನ್ನು ಶೂಗಾಲಿನಿಂದ ತುಳಿದಾಗ ಮರಳಿನ ಕಣವೊಂದು ಲೇಪನದೊಳಗೆ ಒತ್ತಿಕೊಳ್ಳುತ್ತದೆ. ಅನೇಕರು ಬರಿಗಾಲಿನಲ್ಲಿ ನಿಲ್ಲುವುದು ಇದಕ್ಕೇ: ತುಳಿದ ಕೂಡಲೇ ಪಾದಕ್ಕೆ ಗೊತ್ತಾಗುತ್ತದೆ. ಪಾದದ ಮೇಲ್ಭಾಗ ಸುಡದಂತೆ ನೋಡಿಕೊಳ್ಳಬೇಕು, ಅದು ಬೇರೆ ಮಾತು.

ಮುಂಚೆ ಹೇಳಿದ ಪ್ಲಾಸ್ಟಿಸೈಸರ್ ಲೇಪನದಲ್ಲಿ ಶಾಶ್ವತವಾಗಿ ಕೂರುವುದಿಲ್ಲ. ನಿಧಾನವಾಗಿ ಹೊರಗೆ ಒಸರುತ್ತಿರುತ್ತದೆ. ಬಿಸಿ ಮತ್ತು ಬಿಸಿಲು ಇದನ್ನು ಬಿರುಸುಗೊಳಿಸುತ್ತವೆ. ಅದು ಕಡಿಮೆಯಾದಂತೆ ಲೇಪನ ಗಡುಸಾಗಿ, ಮುಂದಿನ ಕೆಲವು ಅಡಿಗಳಲ್ಲಿ ಉಂಗುರದಾಕಾರದ ಬಿರುಕು ಕಾಣಿಸಿಕೊಳ್ಳುತ್ತದೆ. ಸೊಳ್ಳೆ ಔಷಧದಲ್ಲಿನ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಪೆಟ್ರೋಲೂ ಅಷ್ಟೆ. ಪಾಲಿಯುರೆಥೇನ್ ಇವಕ್ಕೆ ಜಗ್ಗುವುದು ಕಡಿಮೆ ಎನ್ನುವುದು ಅದರ ತಯಾರಕರ ವಾದ. ಆದರೂ ಯಾವ ದಾರವೇ ಇರಲಿ, ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ಮತ್ತು ಬೆರಳಿನ ಒಳಬದಿಯನ್ನು ಸೋಪು ಹಾಕಿ ತೊಳೆಯಿರಿ. ಮುಂಗೈ ಹಿಂಭಾಗಕ್ಕೆ ಇನ್ನೊಂದು ಕೈಯ ಹಿಂಭಾಗದಿಂದಲೇ ಹಚ್ಚಿಕೊಳ್ಳುವ ಅಭ್ಯಾಸ ಹಳೆಯ ಗೈಡುಗಳಿಗಿದೆ. ನೋಡಲು ವಿಚಿತ್ರ, ದಾರಕ್ಕೆ ಕ್ಷೇಮ.

ದಿನ ಮುಗಿದ ಮೇಲೆ ರೀಲಿನ ಮೇಲೆ ಸಿಹಿನೀರನ್ನು ಸಣ್ಣಗೆ ಹರಿಯಬಿಡಿ. ಪೈಪಿಗೆ ಹೆಬ್ಬೆರಳು ಒತ್ತಿ ಜೋರಾಗಿ ಹೊಡೆದರೆ ಉಪ್ಪು ರೀಲಿನ ಬ್ರೇಕಿನೊಳಕ್ಕೆ ನುಗ್ಗುತ್ತದೆ. ಆಮೇಲೆ ಒದ್ದೆ ರೀಲನ್ನು ಚೀಲದೊಳಗೆ ಹಾಕಿ ಜಿಪ್ ಎಳೆಯಬೇಡಿ, ನೆರಳಲ್ಲಿ ಒಣಗಲಿ. ಮೀನು ಬ್ಯಾಕಿಂಗ್‌ವರೆಗೆ ಓಡಿದ ದಿನ ಬ್ಯಾಕಿಂಗ್ ಕೂಡ ಉಪ್ಪು ಕುಡಿದಿರುತ್ತದೆ. ಅದನ್ನೂ ಹೊರಗೆಳೆದು ತೊಳೆದು, ಬಿಗಿಯಾಗಿ ಮತ್ತೆ ಸುತ್ತಬೇಕು.

ಎರಡು ಮೂರು ದಿನಕ್ಕೊಮ್ಮೆ ಸರಿಯಾದ ಸ್ನಾನ. ಎರಡು ಬಕೆಟ್ ಸಾಕು. ಒಂದರಲ್ಲಿ ಉಗುರು ಬೆಚ್ಚಗಿನ ನೀರು, ಮೈಗೆ ಹಚ್ಚುವಂಥ ಸೌಮ್ಯ ಸೋಪು ಸ್ವಲ್ಪ. ಪಾತ್ರೆ ತೊಳೆಯುವ ಕಟು ದ್ರಾವಣ ಜಿಡ್ಡಿನ ಜೊತೆ ದಾರದ ಜಾರುತನವನ್ನೂ ತೆಗೆದುಬಿಡುತ್ತದೆ, ಬೇಡ. ದಾರದ ತುದಿ ಮೊದಲು ಒಳಗೆ ಹೋಗುವಂತೆ, ರೀಲಿನಿಂದ ಎಳೆದೆಳೆದು ಸಡಿಲ ಸುರುಳಿಯಾಗಿ ಸೋಪಿನ ಬಕೆಟ್‌ಗೆ ಬಿಡಿ. ಹತ್ತು ನಿಮಿಷ ನೆನೆಯಲಿ. ಈಗ ರೀಲಿನ ಕಡೆಯ ದಾರ ಮೇಲಿರುತ್ತದೆ, ಹಾಗಾಗಿ ವಾಪಸ್ ಸುತ್ತುವಾಗ ಸಿಕ್ಕಾಗುವುದಿಲ್ಲ. ಬಕೆಟನ್ನು ಕದಡಬೇಡಿ, ಈ ಕ್ರಮ ಕೆಡುತ್ತದೆ. ಮೈಕ್ರೋಫೈಬರ್ ಬಟ್ಟೆಯ ಮಡಿಕೆಯೊಳಗೆ ದಾರವನ್ನು ಹಿಡಿದು, ಎರಡು ಬೆರಳಿನಿಂದ ಮೆಲ್ಲನೆ ಒತ್ತಿ ಎಳೆಯುತ್ತ ಬನ್ನಿ. ರನ್ನಿಂಗ್ ಲೈನ್ ಮುಗಿದು ಹೆಡ್ ಶುರುವಾದೊಡನೆ ಬಟ್ಟೆಯ ಮೇಲೆ ಬೂದು ಗೆರೆ ಮೂಡುತ್ತದೆ. ಕೆಲವೊಮ್ಮೆ ಬೆರಳಿಗೆ ಕಣವೊಂದು ಚುಚ್ಚಿದಂತಾಗುತ್ತದೆ. ಅಲ್ಲೇ ನಿಂತು ಬಟ್ಟೆಯ ಹೊಸ ಭಾಗ ತಿರುಗಿಸಿ ತೆಗೆಯಬೇಕು, ಅದೇ ಕಣದ ಮೇಲೆ ಎಳೆಯುತ್ತ ಹೋದರೆ ಉದ್ದಕ್ಕೂ ಗೀರು. ಇನ್ನೊಂದು ಬಕೆಟ್‌ನ ಶುದ್ಧ ನೀರಿನಲ್ಲಿ ಹಾಗೆಯೇ ಜಾಲಿಸಿ ಒಣಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆ ತಯಾರಕರೇ ಕೊಡುವ ಲೈನ್ ಡ್ರೆಸ್ಸಿಂಗ್ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಉಜ್ಜದೆ ಬಿಟ್ಟ ಡ್ರೆಸ್ಸಿಂಗ್ ಮಾರನೆ ದಿನ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕಾರಿಗೆ ಹಾಕುವ ಪಾಲಿಶ್, ಅಡುಗೆ ಎಣ್ಣೆ, ಸಿಲಿಕೋನ್ ಸ್ಪ್ರೇ – ಇವುಗಳ ಪ್ರಯೋಗ ನೂರು ಡಾಲರ್ ದಾಟಿದ ದಾರದ ಮೇಲೆ ಬೇಡ.

ತೇಲಬೇಕಾದ ದಾರದ ತುದಿ ಮುಳುಗತೊಡಗಿದರೆ ಮೊದಲ ಅನುಮಾನ ಕೊಳೆಯ ಮೇಲಿರಲಿ. ತೊಳೆದ ಮೇಲೂ ಮುಳುಗಿದರೆ ಲೇಪನ ಬಿರುಕುಬಿಟ್ಟು ಹೆಣೆದ ತಿರುಳು ನೀರು ಹೀರುತ್ತಿದೆ ಎಂದರ್ಥ.

ದಾರ ನೆಟ್ಟಗೆ ಬೀಳುತ್ತಿಲ್ಲ ಎಂಬ ದೂರಿಗೆ ಎರಡು ಬೇರೆ ಬೇರೆ ಕಾರಣಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದು ಸುರುಳಿ: ರೀಲಿನಲ್ಲಿ ಸುತ್ತಿಕೊಂಡ ಆಕಾರ ದಾರದಲ್ಲಿ ಉಳಿದಿರುವುದು. ಇದಕ್ಕೆ ಹಿಗ್ಗಿಸಬೇಕು. ಬೆಳಿಗ್ಗೆ ದೋಣಿ ಹೊರಡುವ ಮುನ್ನ ದಾರವನ್ನು ಕಂಬಕ್ಕೋ ಗೆಳೆಯರ ಕೈಗೋ ಕೊಟ್ಟು, ಇನ್ನೊಂದು ತುದಿಯಿಂದ ನಿಧಾನವಾಗಿ ಎಳೆದು ಕೆಲವು ಸೆಕೆಂಡ್ ಹಿಡಿದರೆ ಆಯಿತು. ಥಟ್ಟನೆ ಜಗ್ಗಿದರೆ ಲೇಪನ ತಿರುಳಿನಿಂದ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಹುರಿ: ದಾರ ತನ್ನ ಅಕ್ಷದ ಮೇಲೆ ತಿರುಚಿಕೊಂಡಿರುವುದು. ಗಾಳಿಯಲ್ಲಿ ಗಿರಗಿರ ತಿರುಗುವ ಫ್ಲೈ, ರೀಲಿನ ಪಕ್ಕದಿಂದ ಎಳೆದ ದಾರ ಇದಕ್ಕೆ ಕಾರಣ. ಹುರಿಯನ್ನು ಎಷ್ಟು ಹಿಗ್ಗಿಸಿದರೂ ಹೋಗದು. ಪರೀಕ್ಷೆ ಸುಲಭ: ದಾರವನ್ನು ಎರಡು ಕೈಯಲ್ಲಿ ಒಂದು ಮಾರು ಅಂತರದಲ್ಲಿ ಹಿಡಿದು ಕೈಗಳನ್ನು ಹತ್ತಿರ ತನ್ನಿ. ನಡುವಿನ ಭಾಗ ಸುಮ್ಮನೆ ಜೋತರೆ ಸುರುಳಿ ಮಾತ್ರ, ತನ್ನಷ್ಟಕ್ಕೆ ಹೆಣೆದುಕೊಂಡರೆ ಹುರಿ. ಹಾಗಾದಾಗ ಫ್ಲೈ ಕತ್ತರಿಸಿ ತೆಗೆದು, ನಿಧಾನ ಸಾಗುವ ದೋಣಿಯ ಹಿಂದೆ ಇಡೀ ದಾರವನ್ನು ನೀರಿಗೆ ಬಿಟ್ಟು ಕೆಲವು ನಿಮಿಷ ಎಳೆಸಿ. ತುದಿ ಬಿಡಿಯಾಗಿರುವುದರಿಂದ ತಾನೇ ಬಿಚ್ಚಿಕೊಳ್ಳುತ್ತದೆ. ದೋಣಿ ಇಲ್ಲದವರು ಹುಲ್ಲಿನ ಮೈದಾನದಲ್ಲಿ ನಡೆದುಕೊಂಡು ಎಳೆದರೂ ಸರಿ.

ಎಷ್ಟು ಉಪಚಾರ ಮಾಡಿದರೂ ಲೇಪನ ಹೋಗಿ ಬಿಳಿ ಎಳೆ ಕಾಣುವ ದಿನ ಬರುತ್ತದೆ. ಎಲ್ಲಿ ಎಂಬುದರ ಮೇಲೆ ತೀರ್ಮಾನ. ಲೀಡರ್ ಕಟ್ಟುವ ತುದಿಯ ಕುಣಿಕೆ ಬಿರಿದಿದ್ದರೆ ಅದನ್ನು ಕತ್ತರಿಸಿ, 20-25 ಪೌಂಡಿನ ಮಾನೊಫಿಲಮೆಂಟ್‌ನ ಗಟ್ಟಿ ತುಂಡನ್ನು ನೇಲ್ ನಾಟ್ ಎಂಬ ಗಂಟು ಹಾಕಿ ಕಟ್ಟಿಕೊಳ್ಳಬಹುದು. ತುದಿಯಿಂದ ಒಂದು ಅಡಿವರೆಗೆ ಹೋದರೂ ಎಸೆತದಲ್ಲಿ ಹೆಚ್ಚು ವ್ಯತ್ಯಾಸವಾಗದು, ಅದಕ್ಕಿಂತ ಹೆಚ್ಚು ಕಳೆದರೆ ಉದ್ದ ಟೇಪರಿನ ದಾರಕ್ಕೆ ಕೊಟ್ಟ ಬೆಲೆಗೆ ಮೊಟಕು ಟೇಪರು ಸಿಕ್ಕಿದಂತೆ. ಹೆಡ್ ಮತ್ತು ರನ್ನಿಂಗ್ ಲೈನ್ ಸೇರುವ ಜಾಗ, ಅಂದರೆ ಎಸೆಯುವಾಗ ಕೋಲಿನ ತುದಿಯ ಉಂಗುರದಲ್ಲಿ ಬಾಗುತ್ತಲೇ ಇರುವ ಜಾಗ, ಸವೆದಿದ್ದರೆ ಅದಕ್ಕೆ ಔಷಧ ಇಲ್ಲ. ಅಂಟು, ಟೇಪು ಏನು ಸುತ್ತಿದರೂ ಆ ಗಂಟು ಉಂಗುರದಲ್ಲಿ ತಡೆಯುತ್ತದೆ. ಹೊಸ ದಾರಕ್ಕೆ ಹಣ ಹಾಕುವ ಮೊದಲು ಒಂದು ಕೆಲಸ: ಚೂರು ಹತ್ತಿಯನ್ನು ಕೋಲಿನ ಪ್ರತಿ ಉಂಗುರದ ಒಳಗೆ ತಿರುಗಿಸಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಆ ಉಂಗುರದಲ್ಲಿ ಗೀರಿದೆ, ಹಳೆಯ ದಾರವನ್ನು ತಿಂದದ್ದು ಅದೇ, ಹೊಸದನ್ನೂ ತಿನ್ನುತ್ತದೆ.

ಋತು ಮುಗಿದ ಮೇಲೆ ದಾರವನ್ನು ರೀಲಿನಿಂದ ಬಿಚ್ಚಿ ದೊಡ್ಡ ಸಡಿಲ ಸುರುಳಿಯಾಗಿ, ನಾಲ್ಕು ಕಡೆ ನೂಲಿನಿಂದ ಕಟ್ಟಿ, ತಂಪಾದ ಕತ್ತಲ ಕಪಾಟಿನಲ್ಲಿಡಿ. ಯಾವ ನಂಬರು, ಯಾವ ಟೇಪರು ಎಂದು ಚೀಟಿ ಕಟ್ಟಿಡುವುದು ಮರೆಯಬೇಡಿ, ಮುಂದಿನ ವರ್ಷಕ್ಕೆ ಎಲ್ಲ ತಿಳಿನೀಲಿ ದಾರಗಳೂ ಒಂದೇ ಥರ ಕಾಣುತ್ತವೆ. ಸವೆದ ದಾರವನ್ನು ಕಡಲಿಗೋ ಕಾಂಡ್ಲಾ ಪೊದೆಗೋ ಎಸೆಯಬಾರದು, ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ತನ್ನಿ. ಹೆಡ್ ಭಾಗ ಚೆನ್ನಾಗಿದ್ದರೆ ಸಿಮೆಂಟು ನೆಲದ ಮೇಲೂ ಹುಲ್ಲಿನ ಮೇಲೂ ಎಳೆದಾಡಿ ಕೈ ಪಳಗಿಸಿಕೊಳ್ಳಲು ಅದೇ ಸರಿ. ಹೊಸ ದಾರವನ್ನು ಅಂಥ ನೆಲಕ್ಕೆ ತಾಗಿಸಬೇಡಿ.